ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಕೆಳಾಕಾಶ ಮತ್ತು ಸಣ್ಣ ವಿಮಾನದ ಎಚ್ಚರಿಕೆ ಪೆಟ್ಟಿಗೆ: ಒಂದು ಸಂಶೋಧನಾ ಟಿಪ್ಪಣಿ

ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಚಿಮಣಿಯನ್ನು 2023ರ ಜೂನ್ 15ರಂದು ಸ್ಫೋಟಕ ಇಟ್ಟು ಕೆಡವಲಾಯಿತು. ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ದಾರಿಗೆ ಅದು ಅಡ್ಡ ಎಂಬ ತಕರಾರು ವರ್ಷಗಟ್ಟಲೆ ನಡೆದಿತ್ತು. ಕಾರ್ಖಾನೆಯ ಸದಸ್ಯ ರೈತರು ವಿರೋಧಿಸಿದರು, ಊರಿನ ವ್ಯಾಪಾರಸ್ಥರು ವಿಮಾನ ಬೇಕೆಂದು ಪಟ್ಟು ಹಿಡಿದರು. ಚಿಮಣಿ ಬಿದ್ದ ಎರಡು ವರ್ಷಕ್ಕೆ, 2025ರ ಜೂನ್ 9ರಂದು, ಫ್ಲೈ91 ಸಂಸ್ಥೆಯ ಗೋವಾ ವಿಮಾನ ಶುರುವಾಯಿತು; ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಂಬೈ ಸೇವೆ ಬಂತು. ಸೊಲ್ಲಾಪುರದ ವಿಮಾನ ಸುರಕ್ಷತೆಯ ಮಾತೆಲ್ಲ ಈವರೆಗೆ ನಿಂತಲ್ಲೇ ನಿಂತ, ಎಲ್ಲರ ಕಣ್ಣಿಗೂ ಬೀಳುವ ಆ ಒಂದು ಅಡ್ಡಿಯ ಸುತ್ತಲೇ ಸುತ್ತಿದೆ. ಈ ಟಿಪ್ಪಣಿಯ ವಿಷಯ ಚಲಿಸುವ ಅಡ್ಡಿ, ಅಂದರೆ ಇನ್ನೊಂದು ವಿಮಾನ. ಸಣ್ಣ ಖಾಸಗಿ ವಿಮಾನದ ಪೈಲಟ್ ತನ್ನ ಚೀಲದಲ್ಲಿಟ್ಟು ತರುವ ಎಚ್ಚರಿಕೆ ಪೆಟ್ಟಿಗೆ ಅದನ್ನು ಎಷ್ಟರ ಮಟ್ಟಿಗೆ ತೋರಿಸಬಲ್ಲದು ಎಂಬುದು ಪ್ರಶ್ನೆ.

ನನ್ನ ವಾದ ಇಷ್ಟೇ: ಈ ಸೀಮೆಯ ಕೆಳಾಕಾಶದಲ್ಲಿ ಪೆಟ್ಟಿಗೆ ಕೂಗಿದರೆ ನಂಬಬೇಕು, ಸುಮ್ಮನಿದ್ದರೆ ನಂಬಬಾರದು. ಇದಕ್ಕೆ ಕಾರಣ ಪೆಟ್ಟಿಗೆಯ ದರ್ಜೆಗಿಂತ ಹೆಚ್ಚಾಗಿ ಇಲ್ಲಿನ ಭೂಗೋಳ.

ಮೊದಲು ದಾರಿಯ ಮಾತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆದ ಮೇಲೆ ಅಲ್ಲಿ ಪೈಲಟ್ ತರಬೇತಿ ಶಾಲೆಗಳೂ ಬಂದವು. ಪಶ್ಚಿಮಕ್ಕೆ ಬಾರಾಮತಿಯಲ್ಲಿ ತರಬೇತಿ ಮೊದಲಿನಿಂದಲೂ ಇದೆ. ಸೊಲ್ಲಾಪುರ ಇವೆರಡರ ನಡುವೆ ಬರುತ್ತದೆ. ಕಲಬುರಗಿಯಿಂದ ಸೊಲ್ಲಾಪುರಕ್ಕೆ ನೇರ ದೂರ ಸುಮಾರು 115 ಕಿ.ಮೀ.; ನೂರು ನಾಟ್ ವೇಗದ ಸೆಸ್ನಾ 172ಕ್ಕೆ ನಲವತ್ತು ನಿಮಿಷವೂ ಬೇಕಿಲ್ಲ. ಕಣ್ಣಳತೆಯಲ್ಲಿ ಹಾರುವವನಿಗೆ ಈ ಬಯಲಿನಲ್ಲಿ ದಾರಿ ತೋರುವ ಗುರುತು ರೈಲು ಹಳಿ: ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟ ರೋಡ್, ಹೊಟಗಿ. ಹೋಗುವವನಿಗೂ ಬರುವವನಿಗೂ ಅದೇ ಹಳಿ ಗುರುತು. ಇದರ ಜೊತೆಗೆ ಹೆಲಿಕಾಪ್ಟರುಗಳೂ ಇವೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಗಣ್ಯರು ಬರುತ್ತಾರೆ, ಚುನಾವಣೆ ಬಂತೆಂದರೆ ನಾಯಕರು ಹೊಲದ ಪಕ್ಕದ ತಾತ್ಕಾಲಿಕ ಹೆಲಿಪ್ಯಾಡ್‌ಗಳಲ್ಲಿ ಇಳಿಯುತ್ತಾರೆ. ಅವು ಹಳಿ ಹಿಡಿದು ಬರುವುದಿಲ್ಲ, ಅಡ್ಡಡ್ಡ ಬರುತ್ತವೆ.

ಪೂರ್ವಕ್ಕೆ ಹೋಗುವವರಿಗೆ ಒಂದು ಎತ್ತರ, ಪಶ್ಚಿಮಕ್ಕೆ ಬರುವವರಿಗೆ ಬೇರೆ ಎತ್ತರ ಎಂಬ ಅಂತರರಾಷ್ಟ್ರೀಯ ನಿಯಮ ಇದೆಯಲ್ಲ ಎನ್ನಬಹುದು. ಕಣ್ಣಳತೆಯ ಹಾರಾಟಕ್ಕೆ ಅದು ಅನ್ವಯಿಸುವುದು ನೆಲದಿಂದ 3,000 ಅಡಿ ಮೇಲೆ. ಸೊಲ್ಲಾಪುರದ ನೆಲವೇ ಸಮುದ್ರ ಮಟ್ಟದಿಂದ ಸುಮಾರು 480 ಮೀಟರ್, ಅಂದರೆ 1,580 ಅಡಿಯಷ್ಟು ಎತ್ತರದಲ್ಲಿದೆ. ಹಾಗಾಗಿ ಆಲ್ಟಿಮೀಟರ್ ಮುಳ್ಳು 4,600ರ ಹತ್ತಿರ ಬರುವವರೆಗೆ ಈ ವಿಂಗಡಣೆಯ ಕಾವಲು ಇಲ್ಲ. ಏರುವವರು, ಇಳಿಯುವವರು, ಹೆಲಿಕಾಪ್ಟರಿನವರು ಎಲ್ಲರೂ ಇರುವುದು ಆ ಮಟ್ಟದ ಕೆಳಗೇ.

ಉಳಿದದ್ದು ಕಣ್ಣು. ಎದುರುಬದುರು ಬರುವ ಎರಡು ಸಣ್ಣ ವಿಮಾನಗಳು ತಲಾ ನೂರು ನಾಟ್ ವೇಗದಲ್ಲಿದ್ದರೆ ಸೆಕೆಂಡಿಗೆ 103 ಮೀಟರ್‌ನಂತೆ ಹತ್ತಿರವಾಗುತ್ತವೆ. ಕಂಡು, ಗುರುತಿಸಿ, ತೀರ್ಮಾನಿಸಿ, ವಿಮಾನ ತಿರುಗುವವರೆಗೆ 12.5 ಸೆಕೆಂಡು ಬೇಕು ಎಂಬುದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕೊಡುವ ಲೆಕ್ಕ. ಅಂದರೆ 1,300 ಮೀಟರ್ ದೂರದಲ್ಲೇ ಕಾಣಬೇಕು. ಅಷ್ಟು ದೂರಕ್ಕೆ 11 ಮೀಟರ್ ರೆಕ್ಕೆಯ ಸೆಸ್ನಾ ಹುಣ್ಣಿಮೆಯ ಚಂದ್ರನಷ್ಟು ಅಗಲ ಕಾಣುತ್ತದೆ. ಆದರೆ ಚಂದ್ರನಂತೆ ತುಂಬಿದ ಬಿಂಬವಲ್ಲ, ಒಂದು ತೆಳು ಗೆರೆ. ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನ ಮೇಲೆ ಜಾಗ ಬದಲಿಸುವುದೂ ಇಲ್ಲ. ಅಲುಗಾಡುವುದನ್ನು ಹಿಡಿಯಲು ಪಳಗಿದ ಕಣ್ಣಿಗೆ ಇದಕ್ಕಿಂತ ಕೆಟ್ಟ ಗುರಿ ಬೇರೆ ಇಲ್ಲ. ಬೇಸಿಗೆಯಲ್ಲಿ ಈ ಬಯಲಿನ ಮೇಲೆ ಕವಿಯುವ ಧೂಳಿನ ಮಬ್ಬನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಇಲ್ಲಿಯೇ ಎಚ್ಚರಿಕೆ ಪೆಟ್ಟಿಗೆಯ ಬೆಲೆ ಇರುವುದು. ಎತ್ತ ನೋಡಬೇಕೆಂದು ಮೊದಲೇ ಸೂಚನೆ ಸಿಕ್ಕ ಪೈಲಟ್, ಸೂಚನೆಯಿಲ್ಲದವನಿಗಿಂತ ಸುಮಾರು ಎಂಟು ಪಟ್ಟು ಸಮರ್ಥವಾಗಿ ಹುಡುಕುತ್ತಾನೆ ಎಂದು ಎಂಐಟಿಯ ಲಿಂಕನ್ ಪ್ರಯೋಗಾಲಯ ನಡೆಸಿದ ಹಾರಾಟದ ಪ್ರಯೋಗಗಳು ತೋರಿಸಿದವು. 1991ರಲ್ಲಿ ಆಸ್ಟ್ರೇಲಿಯದ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ ‘ನೋಡಿ ತಪ್ಪಿಸಿಕೊ’ ತತ್ವದ ಮಿತಿಗಳ ಬಗ್ಗೆ ಬರೆದ ವರದಿಯೂ ಇದನ್ನೇ ಎತ್ತಿ ಹೇಳಿತು. ಆ ಸೂಚನೆಗಾಗಿಯೇ ಪೆಟ್ಟಿಗೆ.

ಅದು ಹೇಗೆ ಸೂಚಿಸುತ್ತದೆ? ಪರದೆಯ ಮೇಲೆ 2.1 ಎಂದು ಒಂದು ಅಂಕಿ, ಕೆಳಗೆ −03, ಪಕ್ಕದಲ್ಲಿ ಮೇಲ್ಮುಖ ಬಾಣ ಇದೆ ಎಂದುಕೊಳ್ಳಿ. 2.1 ನಾಟಿಕಲ್ ಮೈಲಿ ದೂರ, ನಿಮಗಿಂತ 300 ಅಡಿ ಕೆಳಗೆ, ಏರುತ್ತಿದೆ ಎಂದರ್ಥ. ಮೂರರಲ್ಲಿ ಎರಡು ಸಂಗತಿಗಳು, ಎತ್ತರ ಮತ್ತು ಏರಿಳಿತ, ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ (ಪ್ರಶ್ನೆ ಬಂದಾಗ ಉತ್ತರಿಸುವ ರೇಡಿಯೊ ಯಂತ್ರ) ತಾನೇ ಹೇಳಿದ ಮಾತನ್ನು ಆಧರಿಸಿವೆ. ಈ ಎತ್ತರ ಯಾವಾಗಲೂ 1013.25 ಹೆಕ್ಟೊಪಾಸ್ಕಲ್ ಒತ್ತಡದ ಲೆಕ್ಕದ್ದು. ಪೆಟ್ಟಿಗೆಯೂ ಅದೇ ಲೆಕ್ಕದಲ್ಲಿ ತನ್ನ ಎತ್ತರ ಅಳೆಯುವುದರಿಂದ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಆದರೆ ಒತ್ತಡ 1005ಕ್ಕೆ ಇಳಿದ ಬೇಸಿಗೆಯ ದಿನ ರೇಡಿಯೊದಲ್ಲಿ ಕೇಳಿದ ಎತ್ತರವನ್ನೂ ಪೆಟ್ಟಿಗೆ ತೋರುವ ನೇರ ಎತ್ತರವನ್ನೂ ಹೋಲಿಸಹೊರಟರೆ 220 ಅಡಿಗೂ ಮೀರಿದ ಗೊಂದಲ ಕಟ್ಟಿಟ್ಟದ್ದು.

ದೂರದ ಅಂಕಿಯ ಕಥೆಯೇ ಬೇರೆ. ಹಳೆಯ ಮಾದರಿಯ ಪೆಟ್ಟಿಗೆಗಳು (ಝಾವೊನ್, ಮನ್ರಾಯ್ ಇತ್ಯಾದಿ) 1090 ಮೆಗಾಹರ್ಟ್ಸ್‌ನಲ್ಲಿ ಬರುವ ಉತ್ತರದ ಬಲ ನೋಡಿ ದೂರ ಊಹಿಸುತ್ತವೆ. ರಾತ್ರಿ ಲಾರಿಯ ಹಾರ್ನ್ ಜೋರಾಗಿ ಕೇಳಿದರೆ ಹತ್ತಿರ ಬಂತು ಎಂದುಕೊಂಡ ಹಾಗೆ. ಟ್ರಾನ್ಸ್‌ಪಾಂಡರ್‌ಗಳ ಬಲ ಒಂದೇ ತೆರನಾಗಿಲ್ಲ. ಕೆಳಮಟ್ಟದಲ್ಲಿ ಹಾರುವ ನಿಧಾನದ ವಿಮಾನಕ್ಕೆ 70 ವಾಟ್ ಸಾಕು, ದೊಡ್ಡದು 500 ವಾಟ್‌ವರೆಗೆ ಇರಬಹುದು. ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಇವೆರಡರ ನಡುವೆ ಅಂದಾಜು ದೂರ 2.7 ಪಟ್ಟು ಏರುಪೇರಾಗುತ್ತದೆ. ಐದು ಮೈಲಿಯಾಚೆಯ ದೊಡ್ಡ ವಿಮಾನವೂ ಎರಡು ಮೈಲಿಯೊಳಗಿನ ತರಬೇತಿ ವಿಮಾನವೂ ಪೆಟ್ಟಿಗೆಗೆ ಒಂದೇ. ಎಡಿಎಸ್‌-ಬಿ ಇರುವ ವಿಮಾನವಾದರೆ ಹೊಸ ಪೆಟ್ಟಿಗೆಗೆ ಈ ಊಹೆ ಬೇಕಿಲ್ಲ; ಆ ವಿಮಾನ ಉಪಗ್ರಹದಿಂದ ತಿಳಿದ ತನ್ನ ಸ್ಥಾನವನ್ನೇ ಪ್ರತಿ ಸೆಕೆಂಡೂ ಸಾರುತ್ತಿರುತ್ತದೆ. ಗೋವಾದಿಂದ ಬರುವ ಪ್ರಯಾಣಿಕ ವಿಮಾನ ಎಟಿಆರ್ ಅಂಥದ್ದು. ಹಳೆಯ ಸಣ್ಣ ವಿಮಾನಗಳಲ್ಲಿ ಅದು ಇದ್ದೇ ಇರುತ್ತದೆ ಎನ್ನುವ ಹಾಗಿಲ್ಲ.

ಈಗ ಮುಖ್ಯ ತೊಡಕು. ಸಾಮಾನ್ಯ ಟ್ರಾನ್ಸ್‌ಪಾಂಡರ್ ಕೇಳದೆ ಹೇಳುವುದಿಲ್ಲ. ನೆಲದ ಸೆಕೆಂಡರಿ ರಾಡಾರ್ ಅಥವಾ ಇನ್ನೊಂದು ವಿಮಾನದ ಟಿಕಾಸ್ (ಡಿಕ್ಕಿ ತಡೆ ಯಂತ್ರ) ಪ್ರಶ್ನೆ ಕೇಳಿದಾಗ ಮಾತ್ರ ಉತ್ತರ. ಮೋಡ್ ಎಸ್ ಮಾದರಿ ತಾನಾಗಿ ಸೆಕೆಂಡಿಗೊಮ್ಮೆ ತನ್ನ ಗುರುತು ಕೂಗುತ್ತದೆ, ನಿಜ. ಎತ್ತರ ಹೇಳಬೇಕಾದರೆ ಅದನ್ನೂ ಕೇಳಬೇಕು. ಪೆಟ್ಟಿಗೆ ಯಾರನ್ನೂ ಕೇಳುವುದಿಲ್ಲ, ಪರರ ಸಂಭಾಷಣೆಗೆ ಕಿವಿಗೊಡುತ್ತದೆ ಅಷ್ಟೆ. ಹಾಗಾದರೆ ಅಕ್ಕಲಕೋಟೆಯ ಮೇಲೆ ಪ್ರಶ್ನೆ ಕೇಳುವವರು ಯಾರು? ಸೊಲ್ಲಾಪುರದಿಂದ ನೇರ ದೂರ ಬೀದರಿಗೆ ಸುಮಾರು 170 ಕಿ.ಮೀ., ಪುಣೆಗೆ 235, ಹೈದರಾಬಾದಿನ ಶಂಶಾಬಾದಿಗೆ 270, ಮುಂಬೈಗೆ 360. ಭೂಮಿಯ ಬಾಗು ಲೆಕ್ಕ ಹಿಡಿದರೆ ನೆಲದಿಂದ 2,000 ಅಡಿ ಮೇಲಿರುವ ವಿಮಾನ ರಾಡಾರಿಗೆ ಕಾಣುವುದು ಹೆಚ್ಚೆಂದರೆ 120–130 ಕಿ.ಮೀ. ಒಳಗೆ. ಮುಂಬೈ ಕಡೆಗೆ ಸಹ್ಯಾದ್ರಿಯೂ ಅಡ್ಡ. ಶಂಶಾಬಾದಿನ ರಾಡಾರಿನ ಕಣ್ಣಿಗೆ ಬೀಳಬೇಕಾದರೆ ಇಲ್ಲಿನ ವಿಮಾನ ಹತ್ತು ಸಾವಿರ ಅಡಿ ದಾಟಬೇಕು. ಸೆಸ್ನಾ ಹಳಿ ಹಿಡಿದು ಹಾರುವುದು ಅಲ್ಲಲ್ಲ.

ಹೀಗಾಗಿ ಕೆಳಾಕಾಶದ ಎರಡು ಸಣ್ಣ ವಿಮಾನಗಳು, ಟ್ರಾನ್ಸ್‌ಪಾಂಡರ್ ಹಾಕಿಕೊಂಡೇ ಇದ್ದರೂ, ಒಂದಕ್ಕೊಂದು ಮೂಕವಾಗಿರುವ ಸಾಧ್ಯತೆ ಇದೆ. ಮುಂಬೈ–ಹೈದರಾಬಾದ್ ವಿಮಾನ ಉತ್ತರಕ್ಕೆ ಬಾರ್ಶಿ, ಧಾರಾಶಿವದ ಕಡೆ ಮೂವತ್ತು ಸಾವಿರ ಅಡಿಯಲ್ಲಿ ಹಾದುಹೋಗುವಾಗ ಅದರ ಟಿಕಾಸ್ ಪ್ರಶ್ನೆ ಕೆಳಗಿನವರಿಗೂ ತಟ್ಟಬಹುದು, ಆಗ ಪೆಟ್ಟಿಗೆ ಒಮ್ಮೆಲೇ ಜೀವ ತಳೆಯಬಹುದು. ಅದು ದಾಟಿದ ಮೇಲೆ ಮತ್ತೆ ಮೌನ. ಎಟಿಆರ್ ಇಳಿಯಲು ಬರುವಾಗಲೂ ಅಷ್ಟೇ. ಒಬ್ಬ ಪೈಲಟ್‌ನ ಸುರಕ್ಷತೆ ಮೇಲಿನ ವೇಳಾಪಟ್ಟಿಗೆ ಜೋತುಬೀಳುವುದು ವಿಚಿತ್ರವೇ ಸರಿ.

ಪಶ್ಚಿಮದ ದೇಶಗಳಲ್ಲಿ ಈ ಪೆಟ್ಟಿಗೆಗಳಿಗಿರುವ ಒಳ್ಳೆಯ ಹೆಸರನ್ನು ಇಲ್ಲಿಗೆ ಹಾಗೇ ತರಲಾಗದು. ಅಮೆರಿಕದಲ್ಲಿ 2020ರ ಜನವರಿ 1ರಿಂದ ಬಹುತೇಕ ನಿಯಂತ್ರಿತ ಆಕಾಶದಲ್ಲಿ ಎಡಿಎಸ್‌-ಬಿ ಪ್ರಸಾರ ಕಡ್ಡಾಯ. ಮೇಲಾಗಿ ಅಲ್ಲಿನ ನೆಲಕೇಂದ್ರಗಳು ರಾಡಾರ್ ಕಂಡ ವಿಮಾನಗಳ ಮಾಹಿತಿಯನ್ನು ಮರಳಿ ಆಕಾಶಕ್ಕೆ ಹರಿಸುತ್ತವೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನೆಲಕೇಂದ್ರಗಳು ಸಂಕೇತ ಹಿಡಿಯುವುದು ನಿಯಂತ್ರಕರ ಪರದೆಗಾಗಿ. ಬ್ರಿಟನ್ನಿನ ಆಡಳಿತ 2020ರಲ್ಲಿ ಇಂಥ ಉಪಕರಣ ಕೊಂಡವರಿಗೆ ಅರ್ಧ ಬೆಲೆ, 250 ಪೌಂಡ್‌ವರೆಗೆ, ಮರಳಿಸುವ ಯೋಜನೆ ತಂದಿತು. ಅಲ್ಲಿ ಸ್ಕೈಎಕೊದಂಥ ಪೆಟ್ಟಿಗೆ ಕೇಳುವುದರ ಜೊತೆಗೆ ಸಾರುತ್ತದೆ ಕೂಡ. ನಮ್ಮಲ್ಲಿ ಹೀಗೆ ಸಂಕೇತ ಸಾರುವ ಉಪಕರಣಕ್ಕೆ ತರಂಗ ಪರವಾನಗಿ ಬೇಕು. ಚೀಲದಲ್ಲಿ ತಂದು ಗಾಜಿನ ಹಿಂದೆ ಇಟ್ಟು ಒತ್ತಿಬಿಡುವ ಸಂಗತಿಯಲ್ಲ.

ಗಾಜಿನ ಹಿಂದೆ ಇಡುವುದರಲ್ಲೂ ತೊಂದರೆ ಇದೆ. ಮುಂದೆ ಎಂಜಿನ್ನಿನ ಲೋಹ, ಪಕ್ಕದಲ್ಲಿ ಪೈಲಟ್‌ನದೇ ಮೈ. ಸಣ್ಣ ವಿಮಾನದ ಟ್ರಾನ್ಸ್‌ಪಾಂಡರ್ ಆಂಟೆನಾ ಸಾಮಾನ್ಯವಾಗಿ ಹೊಟ್ಟೆಯ ಅಡಿಯಲ್ಲಿರುತ್ತದೆ. ಮೇಲಿರುವ ವಿಮಾನ ಚೆನ್ನಾಗಿ ಕೇಳಿಸುತ್ತದೆ. ಕೆಳಗಿನಿಂದ ಏರಿಬರುವುದರ ಸಂಕೇತ ಅದರ ಮೈಗೂ ನಮ್ಮ ನೆಲಹಾಸಿಗೂ ಬಡಿದು ಸೋಲುತ್ತದೆ. ಕಣ್ಣಿಗೆ ಕಾಣದ ದಿಕ್ಕೂ ಅದೇ. ಸೊಲ್ಲಾಪುರದ ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಮಾಮೂಲು, ಆದರೆ ಪೆಟ್ಟಿಗೆಯ ಚಿತ್ರ ತೋರಿಸಲು ಪೈಲಟ್‌ಗಳು ಬಳಸುವ ಐಪ್ಯಾಡ್‌ಗೆ ತಯಾರಕರು ಹೇಳುವ ಮಿತಿ 35 ಡಿಗ್ರಿ. ಬಿಸಿಲಿಗೆ ಒಡ್ಡಿದ ಗಾಜಿನ ಹಿಂದಿನ ಕಪ್ಪು ಹಾಸಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು.

ಇಷ್ಟಾದರೂ ಪೆಟ್ಟಿಗೆ ಬೇಡ ಎನ್ನಲಾರೆ. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಸ್ವಂತ ಟ್ರಾನ್ಸ್‌ಪಾಂಡರ್‌ನ ಗುಂಡಿ ಎತ್ತರ ಹೇಳುವ ಸ್ಥಾನದಲ್ಲಿದೆಯೇ ಎಂಬುದನ್ನು. 1986ರ ಆಗಸ್ಟ್ 31ರಂದು ಕ್ಯಾಲಿಫೋರ್ನಿಯದ ಸೆರಿಟೋಸ್‌ನಲ್ಲಿ ಏರೋಮೆಕ್ಸಿಕೊ ಜೆಟ್‌ಗೂ ಪೈಪರ್ ಸಣ್ಣ ವಿಮಾನಕ್ಕೂ ಡಿಕ್ಕಿಯಾಗಿ 82 ಮಂದಿ ಸತ್ತರು. ಪೈಪರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಎತ್ತರ ಹೇಳುವ ಭಾಗ ಇರಲಿಲ್ಲ. ನಮ್ಮಲ್ಲಿ 1996ರ ನವೆಂಬರ್ 12ರ ಚರ್ಖಿ ದಾದ್ರಿ ವಿಮಾನ ಡಿಕ್ಕಿಯ ದುರಂತದಲ್ಲಿ 349 ಜೀವ ಹೋದ ಮೇಲೆ ದೊಡ್ಡ ವಿಮಾನಗಳಿಗೆ ಡಿಕ್ಕಿ ತಡೆ ವ್ಯವಸ್ಥೆ ಕಡ್ಡಾಯವಾಯಿತು. ಹೊಟಗಿ ರಸ್ತೆಗೆ ಇಳಿಯುವ ಎಟಿಆರ್‌ನ ಟಿಕಾಸ್ ಆ ನಿಯಮದ ಫಲ. ಅದು ಕೇಳಿದಾಗ ಸಣ್ಣ ವಿಮಾನ ಎತ್ತರ ಹೇಳಿದರೆ ತಪ್ಪಿಸಿಕೊಳ್ಳುವ ಕೆಲಸವನ್ನು ಎಟಿಆರ್‌ನ ಯಂತ್ರವೇ ತನ್ನ ಪೈಲಟ್‌ಗೆ ಹೇಳಿ ಶುರುಮಾಡಿಸುತ್ತದೆ. ಸಣ್ಣವು ಎರಡೇ ಎದುರಾದಾಗ ಈ ಆಸರೆ ಇಲ್ಲ. ಆಗ ರೇಡಿಯೊದಲ್ಲಿ ‘ಅಕ್ಕಲಕೋಟ ರೋಡ್ ಮೇಲೆ, ಇಷ್ಟು ಎತ್ತರ, ಸೊಲ್ಲಾಪುರದತ್ತ’ ಎಂದು ಸಾರುವುದೇ ಪೆಟ್ಟಿಗೆಗಿಂತ ಗಟ್ಟಿ ಉಪಾಯ, ಇಬ್ಬರೂ ಒಂದೇ ತರಂಗದಲ್ಲಿದ್ದರೆ.

ಈ ಲೆಕ್ಕಗಳನ್ನು ಹಾರಾಟದಲ್ಲಿ ಒರೆಗೆ ಹಚ್ಚುವುದು ಕಷ್ಟವಲ್ಲ. ಅನುಮತಿ ಪಡೆದ ಎರಡು ತರಬೇತಿ ವಿಮಾನಗಳು ದುಧನಿಯಿಂದ ಹೊಟಗಿವರೆಗೆ ಸಾವಿರ ಅಡಿ ಎತ್ತರದ ಅಂತರ ಕಾಯ್ದುಕೊಂಡು ಹಾರಬೇಕು. ಒಮ್ಮೆ ಪೆಟ್ಟಿಗೆ ಮೇಲಿನದರಲ್ಲಿ, ಒಮ್ಮೆ ಕೆಳಗಿನದರಲ್ಲಿ. ಯಾವ ನಿಮಿಷದಲ್ಲಿ ಕೇಳಿಸಿತು, ಯಾವಾಗ ಕೇಳಿಸಲಿಲ್ಲ ಎಂಬುದನ್ನು ಬರೆದುಕೊಂಡು, ಮೇಲೆ ಹಾದುಹೋದ ಪ್ರಯಾಣಿಕ ವಿಮಾನಗಳ ಸಮಯದ ಪಕ್ಕದಲ್ಲಿಟ್ಟು ನೋಡಬೇಕು. ಡಿಸೆಂಬರಿನ ಬೆಳಗ್ಗೆ ಒಂದು ಸುತ್ತು, ಮೇ ತಿಂಗಳ ಮಧ್ಯಾಹ್ನ ಇನ್ನೊಂದು.