ಇಲ್ಲದವನಿಗಾಗಿ ಒಂದು ಧ್ವನಿಮುದ್ರಿಕೆ

1975ರ ಜೂನ್ ತಿಂಗಳು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಪಿಂಕ್ ಫ್ಲಾಯ್ಡ್ ತಂಡ 'ವಿಶ್ ಯು ವರ್ ಹಿಯರ್' ಆಲ್ಬಂನ ಕೆಲಸದಲ್ಲಿ ಮುಳುಗಿತ್ತು. ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡಿದ್ದ ಸ್ಥೂಲಕಾಯದ ವ್ಯಕ್ತಿಯೊಬ್ಬ ಒಳಗೆ ಬಂದ. ಯಾರೆಂದು ಅಲ್ಲಿದ್ದವರಿಗೆ ಬಹಳ ಹೊತ್ತು ತಿಳಿಯಲಿಲ್ಲ. ಆತ ಸಿಡ್ ಬ್ಯಾರೆಟ್. ತಂಡದ ಆರಂಭದ ದಿನಗಳ ಹಾಡುಗಾರ ಮತ್ತು ಗೀತರಚನಕಾರ. ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ತಂಡದಿಂದ ದೂರವಾದವನು.

ಆ ಭೇಟಿಯ ದುಃಖದಿಂದಲೇ ಈ ಆಲ್ಬಂ ಹುಟ್ಟಿತೆಂದು ನೀವು ಎಲ್ಲಾದರೂ ಕೇಳಿರಬಹುದು. ಅದು ಸರಿಯಲ್ಲ. ಬ್ಯಾರೆಟ್‌ನನ್ನು ನೆನೆದು ಕಟ್ಟಿದ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ರಚನೆಯನ್ನು ತಂಡ 1974ರಲ್ಲಿಯೇ ವೇದಿಕೆಯ ಮೇಲೆ ನುಡಿಸಿತ್ತು. ಅಂದರೆ ಹಾಡು ಮೊದಲು, ಹಾಡಿನ ನಾಯಕ ಬಾಗಿಲಿಗೆ ಬಂದದ್ದು ಆಮೇಲೆ.

ಒಂಬತ್ತು ಭಾಗಗಳ, ಸುಮಾರು 26 ನಿಮಿಷಗಳ ಈ ರಚನೆಯನ್ನು ಎರಡಾಗಿ ಸೀಳಿ ಆಲ್ಬಂನ ಆದಿಯಲ್ಲೊಂದು, ಅಂತ್ಯದಲ್ಲೊಂದು ತುಂಡು ಇಟ್ಟಿದ್ದಾರೆ. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದ ಪ್ರೊಗ್ರೆಸಿವ್ ರಾಕ್‌ನಲ್ಲಿ ಇಂಥ ವಿಸ್ತಾರ ಹೊಸದೇನಲ್ಲ. ಆದರೆ ಎಷ್ಟೋ ತಂಡಗಳು ಆ ವಿಸ್ತಾರವನ್ನು ಕೈಚಳಕದ ಪ್ರದರ್ಶನಕ್ಕೆ ಬಳಸಿದರೆ ಇವರು ಮೌನಕ್ಕೆ ಬಳಸಿದರು. ಎಂಟು ನಿಮಿಷ ಕಳೆದರೂ ಮಾತು ಕೇಳಿಸುವುದಿಲ್ಲ. ಡೇವಿಡ್ ಗಿಲ್ಮೋರ್ ಗಿಟಾರಿನಲ್ಲಿ ನಾಲ್ಕೇ ಸ್ವರ ಮೀಟಿ, ಅವು ಕರಗುವವರೆಗೆ ಕಾಯುತ್ತಾರೆ. ನನ್ನ ಮಟ್ಟಿಗೆ ಇಡೀ ಆಲ್ಬಂನ ಶಕ್ತಿ ಆ ಕಾಯುವಿಕೆಯಲ್ಲಿದೆ.

ಆರಂಭದ ತೆಳುವಾದ ನಾದವನ್ನು ಗಮನಿಸಿ. ಅದರೊಳಗೆ ಗಾಜಿನ ಲೋಟಗಳ ದನಿ ಸೇರಿದೆ. ಜಲತರಂಗದಂತೆ ಬಡಿದದ್ದಲ್ಲ, ಅಂಚನ್ನು ಒದ್ದೆ ಬೆರಳಿನಿಂದ ಉಜ್ಜಿದ್ದು. ಬೆರಳು ಅಂಟುತ್ತ ಜಾರುತ್ತ ಹೋದಾಗ ಗಾಜು ತನ್ನ ಸಹಜ ಆವರ್ತನದಲ್ಲಿ ಕಂಪಿಸುತ್ತದೆ. ಪಿಟೀಲಿನ ಕಮಾನು ತಂತಿಗೆ ಮಾಡುವುದೂ ಇದನ್ನೇ. ನೀರು ಹೆಚ್ಚಿದಂತೆ ಶ್ರುತಿ ಇಳಿಯುತ್ತದೆ. ಮನೆಯಲ್ಲಿ ತೆಳುಗಾಜಿನ ಲೋಟ ಇದ್ದರೆ ನೀವೇ ಪರೀಕ್ಷಿಸಿ ನೋಡಿ.

ನಡುವಿನ ಹಾಡುಗಳ ಬಗ್ಗೆ ಇದೇ ಮೆಚ್ಚುಗೆ ಹೇಳಲಾರೆ. 'ವೆಲ್‌ಕಮ್ ಟು ದ ಮೆಷಿನ್' ಮತ್ತು 'ಹ್ಯಾವ್ ಎ ಸಿಗಾರ್' ಧ್ವನಿಮುದ್ರಣ ಉದ್ಯಮದ ಮೇಲಿನ ದೂರುಗಳು. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ತಂದ ಅಪಾರ ಯಶಸ್ಸಿನ ಬೆನ್ನಲ್ಲೇ ರೋಜರ್ ವಾಟರ್ಸ್ ಬರೆದವು. ಮೊದಲನೆಯದರ ಯಂತ್ರದ ಮಿಡಿತವೇನೋ ನಡುಕ ಹುಟ್ಟಿಸುತ್ತದೆ. ಎರಡನೆಯದರ ವ್ಯಂಗ್ಯ ಮಾತ್ರ ತೀರ ಸ್ಥೂಲ. (ಅದನ್ನು ಹಾಡಿದ ರಾಯ್ ಹಾರ್ಪರ್ ತಂಡದವರೇ ಅಲ್ಲ.) ಕಳೆದುಹೋದ ಗೆಳೆಯನ ಕುರಿತ ಶೋಕ ಇಲ್ಲಿ ಗೆದ್ದವರ ಗೊಣಗಾಟವಾಗುತ್ತದೆ. ಶೀರ್ಷಿಕೆ ಗೀತೆ ಬಂದು, ಹಳೆಯ ರೇಡಿಯೋದಿಂದ ಕೇಳಿಬರುವಂತಹ ಗಿಟಾರ್ ಮೊಳಗಿದಾಗಲೇ ನಮಗೆ ಮತ್ತೆ ಆ ಗೆಳೆಯನ ನೆನಪು.

ಕೊನೆಯ ತುಂಡು ಅಲ್ಲಲ್ಲಿ ಜಾಳಾಗಿದೆ. ಆದರೂ ಮುಗಿಯುವ ಮುನ್ನ ಕಿವಿಗೊಡಿ. ನಾದ ಅಡಗುತ್ತಿರುವಾಗ ಕೀಬೋರ್ಡ್ ವಾದಕ ರಿಚರ್ಡ್ ರೈಟ್ 'ಸೀ ಎಮಿಲಿ ಪ್ಲೇ' ಹಾಡಿನ ಕೆಲವು ಸ್ವರಗಳನ್ನು ಮೆಲ್ಲಗೆ ನುಡಿಸುತ್ತಾರೆ. ಅದು 1967ರಲ್ಲಿ ಬ್ಯಾರೆಟ್ ಬರೆದ ಹಾಡು.