ಸೋಲ್ ಸಂಗೀತದ ಬಿಡಿ ತಟ್ಟೆಗಳು: ಅಚ್ಚು, ಮಿಶ್ರಣ ಮತ್ತು ಪಾಠನಿರ್ಣಯ

೧

ಒಂದು ಕೃತಿಗೆ ಹಲವು ಹಸ್ತಪ್ರತಿಗಳಿರುವಾಗ, ಅವುಗಳ ಪರಸ್ಪರ ಸಂಬಂಧವನ್ನು ವಿಚಾರಿಸದೆ ಆ ಕೃತಿಯ ವಿಷಯವಾಗಿ ಖಚಿತವಾದ ಮಾತನ್ನು ಆಡಬಾರದೆಂಬುದು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆಲ್ಲ ವಿದಿತವೇ ಆಗಿದೆ. ಯಂತ್ರದಿಂದ ಅಚ್ಚಾದ ವಸ್ತುವಿಗೆ ಈ ನಿಯಮ ಅನ್ವಯಿಸದೆಂದೂ, ಒಂದೇ ಸಂಖ್ಯೆಯನ್ನು ಹೊತ್ತ ಸಾವಿರ ಗ್ರಾಮಫೋನ್ ತಟ್ಟೆಗಳು ಒಂದೇ ಹಾಡಿನ ಸಾವಿರ ಸಮಾನ ಪ್ರತಿಗಳೆಂದೂ ಸಾಮಾನ್ಯವಾದ ಭಾವನೆಯುಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಅಮೆರಿಕದ ಸೋಲ್ ಸಂಗೀತದ ತಟ್ಟೆಗಳ ನಿದರ್ಶನದಿಂದ ಪರೀಕ್ಷಿಸುವುದು ನಮ್ಮ ಉದ್ದೇಶ.

ಆಫ್ರಿಕನ್ ಮೂಲದ ಅಮೆರಿಕನ್ನರ ಇಗರ್ಜಿಗಳ ಭಕ್ತಿಗಾನವೂ ರಿದಮ್ ಅಂಡ್ ಬ್ಲೂಸ್ ಎಂಬ ಲೌಕಿಕ ಗಾನವೂ ಬೆರೆತು ೧೯೫೦ರ ದಶಕದಲ್ಲಿ ರೂಪುಗೊಂಡ ಸಂಗೀತವೇ ಸೋಲ್. ಡೆಟ್ರಾಯಿಟ್, ಮೆಂಫಿಸ್, ಸಿನ್ಸಿನಾಟಿ ಮೊದಲಾದ ನಗರಗಳು ಇದರ ನೆಲೆಗಳು. ಇದರ ಪ್ರಧಾನ ವಾಹನ, ಆರ್.ಸಿ.ಎ. ವಿಕ್ಟರ್ ಸಂಸ್ಥೆ ೧೯೪೯ರಲ್ಲಿ ಬಳಕೆಗೆ ತಂದ, ೭ ಅಂಗುಲ ವ್ಯಾಸದ, ನಿಮಿಷಕ್ಕೆ ೪೫ ಸುತ್ತು ತಿರುಗುವ ತಟ್ಟೆ. ಸಾಮಾನ್ಯವಾಗಿ ಬದಿಗೊಂದು ಹಾಡು. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ನೆಚ್ಚಿನ ವಾದ್ಯಗಾರರ ತಂಡಕ್ಕೆ ಮುದ್ರಿತ ಮನ್ನಣೆ ದೊರೆತುದು, ೧೯೭೧ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಸಂಪುಟ ಹೊರಬಂದಾಗ. ಹೀಗೆ ಕಾಗದದ ದಾಖಲೆ ವಿರಳವಾದೆಡೆಯಲ್ಲಿ ತಟ್ಟೆಯೇ ಮುಖ್ಯ ಆಧಾರವಾಗಿ ಉಳಿಯುತ್ತದೆ. ಆಧಾರವನ್ನು ಓದುವ ಕ್ರಮ ತಪ್ಪಿದರೆ ಆ ಕಲಾವಿದರ ಚರಿತ್ರೆಯೇ ತಪ್ಪುತ್ತದೆ.

೨

ಮೊದಲು ಬಹಿಃಸಾಕ್ಷ್ಯವನ್ನು ನೋಡುವ. ಧ್ವನಿಸುರುಳಿಯಿಂದ ಲ್ಯಾಕರ್ ಲೇಪದ ತಟ್ಟೆಯ ಮೇಲೆ ಗೆರೆಯನ್ನು ಕೊರೆದು, ಅದಕ್ಕೆ ಲೋಹದ ಪುಟವಿಟ್ಟು ಅಚ್ಚುಗಳನ್ನು ತೆಗೆದು, ಆ ಅಚ್ಚುಗಳಿಂದ ಮಾರಾಟದ ತಟ್ಟೆಗಳನ್ನು ಒತ್ತುತ್ತಿದ್ದರು. ಹಾಡಿನ ಗೆರೆ ಮುಗಿದ ಮೇಲೆ ಲೇಬಲಿನವರೆಗೆ ಉಳಿಯುವ ಬರಿಯ ವಲಯದಲ್ಲಿ ಕೆತ್ತಿದ ಅಥವಾ ಒತ್ತಿದ ಅಂಕಾಕ್ಷರಗಳಿರುತ್ತವೆ. ಇವುಗಳಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ ಮುಖ್ಯವಾದುದು. ಲೇಬಲ್ಲು ಬೇರೆಡೆಯಲ್ಲಿ ಮುದ್ರಿತವಾಗಿ ಬಂದು ಸೇರಿದ ಕಾಗದ. ಈ ಕಿರುಶಾಸನವಾದರೋ ಧ್ವನಿಯನ್ನು ಹೊತ್ತ ಅಚ್ಚಿನಿಂದಲೇ ಮೂಡಿದುದು. ಆದಕಾರಣ ಇವೆರಡರಲ್ಲಿ ವಿರೋಧ ಕಂಡಾಗ ಶಾಸನಕ್ಕೇ ಹೆಚ್ಚಿನ ಪ್ರಾಮಾಣ್ಯ ಸಲ್ಲಬೇಕು.

ಕಾರ್ಖಾನೆಗಳೂ ತಮ್ಮ ಗುರುತುಗಳನ್ನು ಬಿಟ್ಟಿವೆ. ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯ ತಟ್ಟೆಗಳಲ್ಲಿ ಒಂದು ತ್ರಿಕೋನವೂ ಅದರೊಡನೆ ಕ್ರಮಸಂಖ್ಯೆಯೂ ಇರುತ್ತವೆ. ಈ ಸಂಖ್ಯೆ ಕಾಲಕ್ರಮದಲ್ಲಿ ಏರುತ್ತ ಹೋಗುವುದರಿಂದ ಕಾಲನಿರ್ಣಯಕ್ಕೆ ಬಹಳ ಸಹಾಯಕ. ಮೋಟೌನಿನ ಅನೇಕ ತಟ್ಟೆಗಳು ಮಿಷಿಗನ್ ಸಂಸ್ಥಾನದ ಒವಾಸೊ ಪಟ್ಟಣದಲ್ಲಿ ಅಚ್ಚಾದವು. ಅಲ್ಲಿನ ಕಾರ್ಖಾನೆಯ ಗುರುತು ಎ, ಆರ್, ಪಿ ಎಂಬ ಕೂಡಕ್ಷರಗಳು. ಅಟ್ಲಾಂಟಿಕ್ ಸಂಸ್ಥೆಯ ಲೇಬಲುಗಳ ಮೇಲೆ ಮ್ಯಾಟ್ರಿಕ್ಸ್ ಸಂಖ್ಯೆಯ ಕೊನೆಗೆ ಬರುವ ‘ಎಸ್‌ಪಿ’ ಪೆನ್ಸಿಲ್ವೇನಿಯದ ಸ್ಪೆಷಾಲ್ಟಿ ಕಾರ್ಖಾನೆಯನ್ನೂ ‘ಎಂಓ’ ಮೊನಾರ್ಕನ್ನೂ ಸೂಚಿಸುತ್ತವೆ. ತಟ್ಟೆಯ ದ್ರವ್ಯವೂ ಸಾಕ್ಷಿಯೇ. ವಿನೈಲ್ ತಟ್ಟೆಯಲ್ಲಿ ಲೇಬಲ್ಲು ಶಾಖ ಒತ್ತಡಗಳಿಂದ ತಟ್ಟೆಯೊಡನೆ ಒಂದಾಗಿರುತ್ತದೆ; ಎರಕದಿಂದಾದ ಸ್ಟೈರೀನ್ ತಟ್ಟೆಯಲ್ಲಿ ಅದನ್ನು ಸಾಮಾನ್ಯವಾಗಿ ಆಮೇಲೆ ಅಂಟಿಸಿರುತ್ತಾರೆ. ಸ್ಟೈರೀನ್ ಬೇಗ ಸವೆಯುವುದರಿಂದ, ಅದರಲ್ಲಿ ಕೇಳುವ ಒರಟುತನವನ್ನು ಮೂಲ ಧ್ವನಿಯ ಗುಣವೆಂದು ಎಣಿಸಬಾರದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವಿಶಾಲವಾದ ಆ ದೇಶದಲ್ಲಿ ಒಂದೇ ಹಾಡನ್ನು ಪೂರ್ವ, ಮಧ್ಯ, ಪಶ್ಚಿಮ ಭಾಗಗಳ ಕಾರ್ಖಾನೆಗಳು ಏಕಕಾಲದಲ್ಲಿ ಒತ್ತುತ್ತಿದ್ದುದುಂಟು. ಅಚ್ಚಿನ ಭೇದವೆಲ್ಲವೂ ಕಾಲಭೇದವಲ್ಲ. ಕೆಲವು ಕೇವಲ ದೇಶಭೇದಗಳು.

೩

ಇನ್ನು ಅಂತಃಸಾಕ್ಷ್ಯ. ೧೯೬೦ರ ಶರತ್ಕಾಲದಲ್ಲಿ ಮಿರಕಲ್ಸ್ ತಂಡದ ‘ಷಾಪ್ ಅರೌಂಡ್’ ಎಂಬ ಹಾಡು ಟ್ಯಾಮ್ಲ ೫೪೦೩೪ ಎಂಬ ಸಂಖ್ಯೆಯಲ್ಲಿ ಡೆಟ್ರಾಯಿಟ್ ಪ್ರಾಂತದಲ್ಲಿ ಹೊರಬಂದಿತು. ಸಂಸ್ಥೆಯ ಸ್ಥಾಪಕ ಬೆರಿ ಗೋರ್ಡಿಯವರಿಗೆ ಅದರ ನಡೆ ನಿಧಾನವೆಂದು ತೋರಿ, ತಂಡವನ್ನು ಮರಳಿ ಕರೆಸಿ ಚುರುಕಾದ ಗತಿಯಲ್ಲಿ ಹಾಡಿಸಿದರು. ಹೊಸ ಪಾಠವೂ ಅದೇ ಸಂಖ್ಯೆಯಲ್ಲೇ ದೇಶಾದ್ಯಂತ ಪ್ರಸಾರವಾಗಿ, ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನೂ ೧೯೬೧ರಲ್ಲಿ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ದ್ವಿತೀಯ ಸ್ಥಾನವನ್ನೂ ಪಡೆಯಿತು. ಇಲ್ಲಿ ಇರುವುದು ಅಚ್ಚಿನ ಭೇದವಲ್ಲ, ಗಾಯನದ ಭೇದವೇ. ಲೇಬಲಿನ ಸಂಖ್ಯೆಯನ್ನು ಮಾತ್ರ ನೋಡುವವನಿಗೆ ಇದು ಕಾಣದು.

ಲೇಬಲಿನಲ್ಲಿ ಮುದ್ರಿತವಾದ ಕಾಲಮಾನವೂ ನಂಬತಕ್ಕುದಲ್ಲ. ಸೋಲ್ ಶೈಲಿಯಲ್ಲಿ ಹಾಡುತ್ತಿದ್ದ ರೈಚಸ್ ಬ್ರದರ್ಸ್ ಅವರ ೧೯೬೪ರ ‘ಯೂವ್ ಲಾಸ್ಟ್ ದಟ್ ಲವಿನ್ ಫೀಲಿನ್’ ತಟ್ಟೆಯ ಮೇಲೆ ೩ ನಿಮಿಷ ೫ ಸೆಕೆಂಡು ಎಂದಿದೆ; ನಿಜವಾದ ಅವಧಿ ೩ ನಿಮಿಷ ೪೫ ಸೆಕೆಂಡಿಗೆ ಸಮೀಪವಾದುದು. ದೀರ್ಘವಾದ ಹಾಡನ್ನು ರೇಡಿಯೋದವರು ತಿರಸ್ಕರಿಸದಿರಲೆಂದು ಮಾಡಿದ ಉಪಾಯವಿದು.

ಮಿಶ್ರಣದ ಭೇದ ಇನ್ನೂ ಸೂಕ್ಷ್ಮವಾದುದು. ಕಂಠ, ತಾಳ, ತಂತಿವಾದ್ಯಗಳನ್ನು ಬೇರೆ ಬೇರೆ ಪಥಗಳಲ್ಲಿ ಮುದ್ರಿಸಿ, ಬಳಿಕ ಪ್ರಮಾಣವರಿತು ಬೆರೆಸುವ ಕ್ರಿಯೆಯೇ ಮಿಶ್ರಣ. ಬಿಡಿ ತಟ್ಟೆಗಾಗಿ ಮಾಡಿದ ಮೋನೋ ಮಿಶ್ರಣ ಕಾರಿನ ರೇಡಿಯೋವನ್ನು ಗುರಿಯಾಗಿಟ್ಟುಕೊಂಡದ್ದು. ಮೋಟೌನಿನಲ್ಲಿ ಅದನ್ನು ಪುಟ್ಟ ಧ್ವನಿವರ್ಧಕದಲ್ಲಿ ಕೇಳಿ ಪರೀಕ್ಷಿಸುತ್ತಿದ್ದರು. ದೊಡ್ಡ ತಟ್ಟೆಯ ಸ್ಟೀರಿಯೋ ಮಿಶ್ರಣ ಅನೇಕ ವೇಳೆ ಬೇರೆಯೇ ಕೆಲಸ. ವಾದ್ಯಗಳ ತೂಕ, ಹಾಡು ಕುಗ್ಗುತ್ತ ಮುಗಿಯುವ ಕ್ಷಣ, ಒಮ್ಮೊಮ್ಮೆ ಕಂಠದ ಭಾಗವೇ ಬೇರೆಯಾಗಿರುವುದುಂಟು. ಮುಂದಿನ ಕಾಲದ ಸಂಕಲನಗಳಲ್ಲಿ ಹಲವು ಹಾಡುಗಳು ಸ್ಟೀರಿಯೋ ರೂಪದಲ್ಲೇ ಸೇರಿಕೊಂಡುದರಿಂದ, ೧೯೬೦ರ ದಶಕದಲ್ಲಿ ಜನ ಬೀದಿಯಲ್ಲಿಯೂ ನೃತ್ಯಶಾಲೆಯಲ್ಲಿಯೂ ಕೇಳಿದ ಪಾಠ ಹಿನ್ನೆಲೆಗೆ ಸರಿಯಿತು.

೪

ಕೂಟಪ್ರತಿಗಳ ಪ್ರಶ್ನೆಯೂ ಉಂಟು. ಫ್ರಾಂಕ್ ವಿಲ್ಸನ್ ಅವರ ‘ಡು ಐ ಲವ್ ಯೂ’ ಎಂಬ ಹಾಡು ೧೯೬೫ರಲ್ಲಿ ಮೋಟೌನಿನ ಸೋಲ್ ಎಂಬ ಲೇಬಲಿನಲ್ಲಿ ೩೫೦೧೯ ಎಂಬ ಸಂಖ್ಯೆಯಿಂದ ಅಚ್ಚಾಯಿತು. ಆದರೆ ಮಾರಾಟಕ್ಕೆ ಬರಲಿಲ್ಲ, ಪ್ರತಿಗಳು ನಾಶವಾದವು. ಬೆರಳೆಣಿಕೆಯಷ್ಟು ಮಾತ್ರ ಉಳಿದು, ೨೦೦೯ರಲ್ಲಿ ಒಂದು ಪ್ರತಿ ೨೫,೦೦೦ ಪೌಂಡಿಗೂ ಮಿಕ್ಕ ಬೆಲೆಗೆ ಹೋಯಿತು. ಉತ್ತರ ಇಂಗ್ಲೆಂಡಿನ ನೃತ್ಯಶಾಲೆಗಳಲ್ಲಿ ೧೯೭೦ರ ದಶಕದಲ್ಲಿ ಈ ಹಾಡು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬ ಗಾಯಕರ ಹೆಸರಿನಿಂದ ಪ್ರಚಾರದಲ್ಲಿದ್ದಿತು. ಆ ಹೆಸರಿನಲ್ಲೇ ಅನಧಿಕೃತ ತಟ್ಟೆಯೂ ಹೊರಟಿತು. ೧೯೭೯ರಲ್ಲಿ ಟ್ಯಾಮ್ಲ ಮೋಟೌನ್ ಅದನ್ನು ಬ್ರಿಟನ್ನಿನಲ್ಲಿ ಅಧಿಕೃತವಾಗಿ ಹೊರತಂದಿತು. ಒಬ್ಬ ಕಲಾವಿದನ ಕರ್ತೃತ್ವ ಅಳಿಸಿಹೋಗಲು ಒಂದು ಸುಳ್ಳು ಲೇಬಲ್ಲು ಸಾಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

೫

ಹಾಗಾದರೆ ಮೂಲ ಯಾವುದು? ಜೇಮ್ಸ್ ಬ್ರೌನ್ ಅವರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ೧೯೬೫ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನದ ಷಾರ್ಲಟ್ ನಗರದಲ್ಲಿ ಮುದ್ರಿತವಾಯಿತು. ತಟ್ಟೆಗೆ ಏರಿಸುವಾಗ ಆರಂಭವನ್ನು ಕತ್ತರಿಸಿ, ಧ್ವನಿಸುರುಳಿಯ ವೇಗವನ್ನು ಹೆಚ್ಚಿಸಿ, ಹಾಡನ್ನು ಎರಡು ಬದಿಗಳಿಗೆ ಹಂಚಿದರು. ವೇಗದೊಡನೆ ಶ್ರುತಿಯೂ ಏರಿತು. ನುಡಿಸಿದಂತೆಯೇ ಇರುವ ಪೂರ್ಣಪಾಠ ‘ಸ್ಟಾರ್ ಟೈಮ್’ ಎಂಬ ಸಂಕಲನದಲ್ಲಿ ಬೆಳಕು ಕಂಡುದು ೧೯೯೧ರಲ್ಲಿ. ವಾದ್ಯಗಾರರು ನುಡಿಸಿದ ಪಾಠ ಒಂದು. ಜನ ಕೇಳಿ ಕುಣಿದ ಪಾಠ ಇನ್ನೊಂದು. ಎರಡೂ ಪ್ರಮಾಣವೇ, ಆದರೆ ಬೇರೆ ಬೇರೆ ಪ್ರಶ್ನೆಗಳಿಗೆ. ಕಲಾವಿದನ ಕೌಶಲವನ್ನು ವಿಚಾರಿಸುವವನು ಮೊದಲನೆಯದನ್ನೂ, ಆ ಕಾಲದ ಅಭಿರುಚಿಯನ್ನು ವಿಚಾರಿಸುವವನು ಎರಡನೆಯದನ್ನೂ ಆಶ್ರಯಿಸಬೇಕು.

ಇದರಿಂದ ಫಲಿತವಾಗುವುದೇನೆಂದರೆ, ಹಾಡಿನ ಹೆಸರನ್ನೂ ವರ್ಷವನ್ನೂ ಹೇಳಿದ ಮಾತ್ರಕ್ಕೆ ಆಧಾರವನ್ನು ಹೇಳಿದಂತಾಗುವುದಿಲ್ಲ. ಲೇಬಲಿನ ಸಂಖ್ಯೆ, ಬರಿಯ ವಲಯದ ಶಾಸನ, ತಟ್ಟೆಯ ದ್ರವ್ಯ, ಗಡಿಯಾರ ಹಿಡಿದು ಅಳೆದ ಅವಧಿ, ಮೋನೋ ಅಥವಾ ಸ್ಟೀರಿಯೋ ಎಂಬ ವಿವೇಚನೆ, ಇವಿಷ್ಟನ್ನೂ ಪ್ರತಿಯೊಂದು ತಟ್ಟೆಗೂ ಬರೆದಿಡಬೇಕು. ಗ್ರಂಥಾಲಯಗಳ ಪಟ್ಟಿಗಳಲ್ಲಿ ಈ ವಿವರಗಳಿಗೆ ಸ್ಥಾನ ದೊರೆತಂದು ಧ್ವನಿಯ ಚರಿತ್ರೆಗೂ ಲಿಖಿತ ಪಾಠದ ಚರಿತ್ರೆಗೆ ಸಲ್ಲುವ ಖಚಿತತೆ ಲಭಿಸೀತು.