ಸೆಕ್ಯುಲರ್

ಲ್ಯಾಟಿನ್ನಿನ ‘ಸೆಕ್ಯುಲಮ್’ ಎಂದರೆ ತಲೆಮಾರು, ಯುಗ. ಕ್ರೈಸ್ತರು ಅದನ್ನು ಇಹಲೋಕಕ್ಕೆ ಬಳಸಿದರು. ತಮಾಷೆಯೆಂದರೆ ಪಾದ್ರಿಗಳೂ ‘ಸೆಕ್ಯುಲರ್’ ಆಗಬಹುದಿತ್ತು: ಮಠ ಸೇರದೆ ಊರ ಜನರ ನಡುವೆ ಇದ್ದವರಿಗೆ ಆ ಹೆಸರು.

ಚರ್ಚಿನ ಆಸ್ತಿ ದೊರೆಗಳ ಪಾಲಾಗುವುದನ್ನು ‘ಸೆಕ್ಯುಲರೈಸೇಶನ್’ ಎಂದರು. 1803ರಲ್ಲಿ ಬವೇರಿಯಾದ ಮಠಗಳು ಮುಚ್ಚಿದಾಗ, ಬೆನೆಡಿಕ್ಟ್‌ಬೊಯರ್ನ್ ಮಠದಲ್ಲಿ ಸಿಕ್ಕ ಮಧ್ಯಯುಗದ ಹಾಡುಗಳ ಸಂಗ್ರಹ ‘ಕಾರ್ಮಿನಾ ಬುರಾನಾ’ದ ಹಸ್ತಪ್ರತಿ ಮ್ಯೂನಿಕ್ ಸೇರಿತು. ಈಗಲೂ ಅಲ್ಲೇ ಇದೆ.

‘ಸೆಕ್ಯುಲರಿಸಂ’ ಪದವನ್ನು 1851ರಲ್ಲಿ ಟಂಕಿಸಿದವರು ಇಂಗ್ಲೆಂಡಿನ ಜಾರ್ಜ್ ಹೋಲಿಯೋಕ್. ಆದರೆ ದೇವರನ್ನು ರಾಜ್ಯದಿಂದ ಆಚೆ ಕಳಿಸಿದ ಮಾತ್ರಕ್ಕೆ ಭಕ್ತಿಯೂ ಹೊರಟುಹೋಗುತ್ತದೆಯೆ? 1938ರಲ್ಲಿ ರಾಜಕೀಯ ಚಿಂತಕ ಎರಿಕ್ ಫೋಗೆಲಿನ್ ವಿಯೆನ್ನಾದಲ್ಲಿ ‘ರಾಜಕೀಯ ಧರ್ಮಗಳು’ ಎಂಬ ಜರ್ಮನ್ ಪುಸ್ತಕ ತಂದರು. ಖಾಲಿಯಾದ ಪೀಠದ ಮೇಲೆ ಈಗ ರಾಷ್ಟ್ರ, ಜನಾಂಗಗಳು ಕೂತಿವೆ ಎಂಬುದು ಅವರ ವಾದ. ಅದೇ ವರ್ಷ ನಾಜಿಗಳಿಂದ ತಪ್ಪಿಸಿಕೊಂಡು ಅವರು ದೇಶವನ್ನೇ ಬಿಡಬೇಕಾಯಿತು.

ನಮ್ಮ ಸಂವಿಧಾನದ ಪ್ರಸ್ತಾವನೆಗೆ ‘ಸೆಕ್ಯುಲರ್’ ಪದ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಕನ್ನಡದಲ್ಲಿ ‘ಧರ್ಮನಿರಪೇಕ್ಷ’ವೂ ಉಂಟು, ‘ಜಾತ್ಯತೀತ’ವೂ ಉಂಟು. ಎರಡನೆಯದು ಪಕ್ಷವೊಂದರ ಹೆಸರಿಗೇ ಅಂಟಿಕೊಂಡು ಬಾಯಲ್ಲಿ ಹೆಚ್ಚು ಓಡಾಡುತ್ತಿದೆ. ಧರ್ಮದ ಪ್ರಶ್ನೆಯನ್ನು ಜಾತಿಯ ಕಡೆ ವಾಲಿಸುವ ಆ ಪದ ನನಗಂತೂ ಒಪ್ಪಿಗೆಯಿಲ್ಲ.